ಹುವಾರೆಸ್: ಶಿಫ್ಟು, ಸೇತುವೆ, ಹಫ್ತಾ

ಪ್ರಶ್ನೆ: ಮೆಕ್ಸಿಕೋದ ಸಿಯುದಾದ್ ಹುವಾರೆಸ್ ಬಗ್ಗೆ ಯಾವಾಗ ಓದಿದರೂ ಬರೀ ಡ್ರಗ್ಸ್, ಕೊಲೆ. ಅಲ್ಲಿನ ಮಾಮೂಲಿ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ?

ಉತ್ತರ: ಬೆಳಗಾಗುವ ಮುಂಚೆ ಎದ್ದು ಕಂಪನಿ ಬಸ್ಸಿಗೆ ಕಾಯುತ್ತಾರೆ. 2020ರ ಜನಗಣತಿ ಪ್ರಕಾರ ಅಲ್ಲಿ 15 ಲಕ್ಷ ಜನ. ಅವರಲ್ಲಿ ತುಂಬಾ ಜನರ ಅನ್ನ ಹುಟ್ಟುವುದು ಮಕಿಲಾದೋರಾ ಅನ್ನುವ ಕಾರ್ಖಾನೆಗಳಲ್ಲಿ, ಬಾಯಿಮಾತಲ್ಲಿ ಬರೀ ಮಕಿಲಾ. ಬಿಡಿಭಾಗಗಳು ಸುಂಕವಿಲ್ಲದೆ ಒಳಗೆ ಬರುತ್ತವೆ, ಇಲ್ಲಿ ಜೋಡಿಸಿದ ಮೇಲೆ ಗಡಿ ದಾಟಿ ಅಮೆರಿಕಕ್ಕೆ ಹೋಗುತ್ತವೆ. 1965ರಲ್ಲಿ ಶುರುವಾದ ಯೋಜನೆ ಇದು, ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ಮುಕ್ತ ವ್ಯಾಪಾರದ 1994ರ ನಾಫ್ಟಾ ಒಪ್ಪಂದ ಆದಮೇಲೆ ಇನ್ನೂ ಜೋರಾಯಿತು. ಕಾರಿನ ವೈರಿಂಗ್, ಸೀಟಿನ ಹೊದಿಕೆ, ಆಸ್ಪತ್ರೆ ಸಾಮಾನು, ಎಲೆಕ್ಟ್ರಾನಿಕ್ಸ್, ಎಲ್ಲ ಅಲ್ಲಿ ತಯಾರಾಗುತ್ತದೆ.

ಸಂಬಳ ಮಾತ್ರ ಕೇಳಬೇಡಿ. 2019ರಲ್ಲಿ ಗಡಿ ಊರುಗಳಿಗೆ ಅಂತಲೇ ಕನಿಷ್ಠ ಕೂಲಿಯನ್ನು ಒಂದೇ ಸಲಕ್ಕೆ ದುಪ್ಪಟ್ಟು ಮಾಡಿದರು, ಮಾಡಿದ ಮೇಲೂ ಅದು ದಿನಕ್ಕೆ 176.72 ಪೆಸೊ. 2025ರಲ್ಲಿ ಅದು 419.88 ಆಗಿತ್ತು. ಇದರ ಜೊತೆಗೆ ತಪ್ಪದೆ ಬಂದರೆ ಒಂದಿಷ್ಟು, ಸರಿಯಾದ ಹೊತ್ತಿಗೆ ಬಂದರೆ ಒಂದಿಷ್ಟು ಅಂತ ಬೋನಸ್ ಇರುತ್ತದೆ. ಒಂದು ದಿನ ತಪ್ಪಿದರೆ ಅದಕ್ಕೂ ಕತ್ತರಿ. ಹಾಗಾಗಿ ಹಿಂದಿನ ರಾತ್ರಿ ಬೀದಿಯಲ್ಲಿ ಏನೇ ನಡೆದಿರಲಿ, ಬೆಳಿಗ್ಗೆ ಬಸ್ಸು ತುಂಬಿರುತ್ತದೆ. ಇದನ್ನು ಧೈರ್ಯ ಅಂತ ಹೊಗಳಿ ಬರೆಯುವವರಿದ್ದಾರೆ, ನನಗಂತೂ ಇದು ಬಾಡಿಗೆ ಕಟ್ಟಬೇಕಾದವರ ಲೆಕ್ಕಾಚಾರ ಅನ್ನಿಸುತ್ತದೆ.

ಪ್ರಶ್ನೆ: ಡ್ರಗ್ಸ್ ಸಹವಾಸಕ್ಕೆ ಹೋಗದೆ ತಮ್ಮ ಪಾಡಿಗೆ ಇರುವವರಿಗೂ ಡ್ರಗ್ಸ್ ಸಾಗಿಸುವ ದೊಡ್ಡ ಗುಂಪುಗಳಾದ ಕಾರ್ಟೆಲ್‌ಗಳಿಂದ ತೊಂದರೆ ಇದೆಯಾ?

ಉತ್ತರ: ಇದೆ, ಮತ್ತು ಅದು ಬರುವುದು ಹೆಚ್ಚಾಗಿ ಹಫ್ತಾ ರೂಪದಲ್ಲಿ. ಅಲ್ಲಿ ಅದಕ್ಕೆ ‘ಕುವೋತಾ’ ಅನ್ನುತ್ತಾರೆ, ‘ದೆರೆಚೊ ದೆ ಪಿಸೊ’ ಅಂತಲೂ ಹೇಳುತ್ತಾರೆ, ಅಂದರೆ ಆ ಜಾಗದಲ್ಲಿ ನಿಂತು ವ್ಯಾಪಾರ ಮಾಡುವುದಕ್ಕೆ ಬಾಡಿಗೆ ಇದ್ದ ಹಾಗೆ. 2008ರಲ್ಲಿ ಹುವಾರೆಸ್ ಮತ್ತು ಸಿನಲೋವಾ ಗುಂಪುಗಳ ನಡುವೆ ಡ್ರಗ್ಸ್ ಸಾಗಿಸುವ ಗಡಿ ದಾರಿಗಾಗಿ ಕಾದಾಟ ಬಿತ್ತು, ಸೇನೆಯೂ ಬಂದಿಳಿಯಿತು. ಆ ಗಲಾಟೆಯಲ್ಲಿ ಸಣ್ಣಪುಟ್ಟ ಗ್ಯಾಂಗ್‌ಗಳು ಕೂಡ ವಸೂಲಿಗೆ ಇಳಿದವು. ಹೋಟೆಲ್, ಔಷಧಿ ಅಂಗಡಿ, ಗ್ಯಾರೇಜ್, ಡಾಕ್ಟರ ಕ್ಲಿನಿಕ್, ರುತೆರಾ ಅನ್ನುವ ಊರ ಬಸ್ಸಿನ ಡ್ರೈವರ್, ಯಾರನ್ನೂ ಬಿಡಲಿಲ್ಲ. ಕೊಡದಿದ್ದರೆ ಅಂಗಡಿಗೆ ಬೆಂಕಿ, ಇಲ್ಲವೇ ಜೀವಕ್ಕೇ ಸಂಚಕಾರ. ಕೊಟ್ಟು ಕೊಟ್ಟು ಸುಸ್ತಾದವರು ಶಟರ್ ಎಳೆದರು. ಕೈಲಾದವರು ಗಡಿಯ ನದಿ ದಾಟಿ ಅಮೆರಿಕದ ಎಲ್ ಪಾಸೊ ಊರಿನಲ್ಲಿ ಅದೇ ಹೋಟೆಲನ್ನು ಮತ್ತೆ ತೆರೆದರು, ಕೈಲಾಗದವರು ತಮ್ಮ ಹಳೇ ಊರುಗಳಿಗೆ ವಾಪಸ್ ಹೋದರು. ದೊಡ್ಡ ಕಾರ್ಖಾನೆಗಳು ಮಾತ್ರ ಎತ್ತರದ ಬೇಲಿ, ಕಾವಲು ಇಟ್ಟುಕೊಂಡು ನಡೆಯುತ್ತಲೇ ಇದ್ದವು. ಪೆಟ್ಟು ಬಿದ್ದಿದ್ದು ಮೂಲೆ ಅಂಗಡಿಯವನಿಗೆ.

2010ರಲ್ಲಿ ಅಲ್ಲಿ 3,000ಕ್ಕೂ ಜಾಸ್ತಿ ಕೊಲೆಗಳಾದವು. ಅದೇ ವರ್ಷ ತನ್ನ ಫೋಟೋಗ್ರಾಫರ್ ಒಬ್ಬನ ಕೊಲೆಯಾದಾಗ ‘ಎಲ್ ದಿಯಾರಿಯೊ’ ಪತ್ರಿಕೆ, ನಮ್ಮಿಂದ ನಿಮಗೆ ಏನು ಬೇಕು, ಏನು ಬರೆಯಬೇಕು, ಏನು ಬಿಡಬೇಕು ಹೇಳಿ ಅಂತ ಸಂಪಾದಕೀಯದಲ್ಲೇ ಕಾರ್ಟೆಲ್‌ನವರನ್ನು ಕೇಳಿತು. ಊರು ನಿಜಕ್ಕೂ ಯಾರ ಕೈಯಲ್ಲಿದೆ ಅಂತ ಒಂದು ಪತ್ರಿಕೆ ಅಷ್ಟು ಬಿಚ್ಚಿ ಹೇಳಿದ್ದು ಅಪರೂಪ.

ಪ್ರಶ್ನೆ: ಆಚೆ ದಡದ ಎಲ್ ಪಾಸೊ ಅಷ್ಟು ಸುರಕ್ಷಿತ ಅಂತಾರಲ್ಲ, ಅದು ಹೇಗೆ?

ಉತ್ತರ: 2010ರಲ್ಲಿ ಅಲ್ಲಿ ಆದ ಕೊಲೆ 5. ಮಧ್ಯೆ ಇರುವುದು ವರ್ಷದ ಬಹುಪಾಲು ನೀರೇ ಕಾಣದ ಒಂದು ನದಿ, ಅದರ ಮೇಲೆ ನಾಲ್ಕು ಸೇತುವೆ. ಡ್ರಗ್ಸ್ ಕೊಳ್ಳುವವರು ಆ ಕಡೆ, ಸಾಗಿಸುವ ದಾರಿಗೆ ಬಡಿದಾಡುವವರು ಈ ಕಡೆ. ಬಂದೂಕುಗಳಲ್ಲಿ ಬಹಳಷ್ಟು ಆ ಕಡೆಯಿಂದಲೇ ಬರುತ್ತವೆ, ಅದನ್ನು ಯಾಕೋ ಜಾಸ್ತಿ ಮಾತಾಡುವುದಿಲ್ಲ. ಇಷ್ಟರ ನಡುವೆ ಜನ ದಿನಾ ಓಡಾಡುತ್ತಾರೆ, ಕಾಲೇಜಿಗೆ, ಸಾಮಾನು ತರಲು, ನೆಂಟರ ಮನೆಗೆ. ಸೇತುವೆ ಮೇಲೆ ಎಷ್ಟು ಹೊತ್ತು ಕಾಯಬೇಕಾಗಬಹುದು ಅಂತ ನೋಡಿಕೊಂಡೇ ಮನೆಯಿಂದ ಹೊರಡುತ್ತಾರೆ.

ಪ್ರಶ್ನೆ: ಆ ಊರಿನ ಕಂಬಗಳ ಮೇಲೆ ಗುಲಾಬಿ ಬಣ್ಣದ ಶಿಲುಬೆ ಬರೆದಿರುವ ಫೋಟೋ ನೋಡಿದೆ. ಏನದು?

ಉತ್ತರ: ಕೊಲೆಯಾದ, ಕಾಣೆಯಾದ ಹೆಣ್ಣುಮಕ್ಕಳ ನೆನಪಿಗೆ ಅವರ ಮನೆಯವರು ಬರೆದದ್ದು. 1993ರಿಂದ ಈ ಕೊಲೆಗಳ ಲೆಕ್ಕ ಇಡುತ್ತಾ ಬಂದಿದ್ದಾರೆ, ಸತ್ತವರಲ್ಲಿ ಮಕಿಲಾ ಕೆಲಸದ ಹುಡುಗಿಯರೂ ಇದ್ದರು. 2001ರ ನವೆಂಬರಿನಲ್ಲಿ ಹಳೆಯ ಹತ್ತಿ ಹೊಲವೊಂದರಲ್ಲಿ 8 ಹೆಂಗಸರ ಶವ ಸಿಕ್ಕವು. ಅವರಲ್ಲೊಬ್ಬಳಿಗೆ 20 ವರ್ಷ. ಕಾರ್ಖಾನೆಗೆ ಎರಡು ನಿಮಿಷ ತಡವಾಗಿ ಬಂದಳು ಅಂತ ಒಳಗೆ ಬಿಡಲಿಲ್ಲ, ವಾಪಸ್ ಹೊರಟವಳು ಮನೆ ಸೇರಲೇ ಇಲ್ಲ.

ಇದನ್ನೂ ಕಾರ್ಟೆಲ್ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ತಾಯಂದಿರು ದೂರು ಕೊಡಲು ಹೋದಾಗ, ಯಾವನ ಜೊತೆಗೋ ಓಡಿಹೋಗಿರಬೇಕು ಅಂದವರು ಅಧಿಕಾರಿಗಳೇ. 2009ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಈ ಪ್ರಕರಣದಲ್ಲಿ ತಪ್ಪಿತಸ್ಥ ಅಂದದ್ದು ಮೆಕ್ಸಿಕೋ ಸರ್ಕಾರವನ್ನು.

ಪ್ರಶ್ನೆ: ಈಗ ಪರವಾಗಿಲ್ಲ ಅನ್ನಬಹುದಾ?

ಉತ್ತರ: 2010ಕ್ಕೆ ಹೋಲಿಸಿದರೆ ಹೌದು. ಆದರೆ 2022ರ ಆಗಸ್ಟಿನಲ್ಲಿ ಜೈಲೊಳಗೆ ಎರಡು ಗ್ಯಾಂಗ್‌ಗಳು ಹೊಡೆದಾಡಿಕೊಂಡವು, ಸಂಜೆಯೊಳಗೆ ಅದು ಬೀದಿಗೆ ಬಂತು. ಅಂಗಡಿಗಳಿಗೆ ಬೆಂಕಿ ಬಿತ್ತು. ಜೈಲಿನವರೂ ಸೇರಿ ಒಟ್ಟು 11 ಜನ ಸತ್ತರು, ಅದರಲ್ಲಿ ನಾಲ್ವರು ಒಂದು ರೇಡಿಯೋ ಕೇಂದ್ರದವರು. ಎಲ್ಲ ತೊಂದರೆಯೂ ಗ್ಯಾಂಗ್‌ಗಳಿಂದಲೇ ಅಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಮೆಕ್ಸಿಕೋ, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ರದ್ದು ಮಾಡಿತು, ಹುವಾರೆಸ್‌ಗೂ ಎಲ್ ಪಾಸೊಗೂ ಒಂದು ಗಂಟೆ ವ್ಯತ್ಯಾಸ ಬಂತು. ಆಚೆ ಶಾಲೆಗೆ ಹೋಗುವ ಮಕ್ಕಳು, ಲಾರಿಯವರು, ಎಲ್ಲರ ಹೊತ್ತೂ ಏರುಪೇರಾಯಿತು. ನವೆಂಬರ್ ಮುಗಿಯುವುದರೊಳಗೆ ಊರು ತನ್ನ ಗಡಿಯಾರವನ್ನು ಮತ್ತೆ ಎಲ್ ಪಾಸೊಗೆ ಹೊಂದಿಸಿಕೊಂಡಿತು.