ಮನೆ ಮಾತು: ಕಲ್ಲಿನ ಗೋಡೆಗೆ ಸಿಮೆಂಟು ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಮಧುಗಿರಿ ಹತ್ತಿರದ ಹಳ್ಳಿಯಲ್ಲಿ ನಮ್ಮ ತಾತ ಕಟ್ಟಿಸಿದ ಕಲ್ಲಿನ ಮನೆಯಿದೆ. ಕಲ್ಲುಗಳನ್ನು ಮಣ್ಣಿನಲ್ಲಿ ಕೂರಿಸಿ, ಹೊರಗೆ ಸುಣ್ಣದ ಗಾರೆ ಮಾಡಿಸಿದ್ದರು. ನಮ್ಮಣ್ಣ ಅದನ್ನು ಕೆತ್ತಿಸಿ ಸಿಮೆಂಟು ಪ್ಲಾಸ್ಟರಿಂಗ್ ಮಾಡಿಸಿ ಪೇಂಟು ಹೊಡೆಸಿದರು. ಈಗ ಕೆಳಗಿನ ಮೂರಡಿ ಉಬ್ಬಿ ಉದುರುತ್ತಿದೆ, ಬಿಳೀ ಪುಡಿ ಬರುತ್ತಿದೆ. ವಾಟರ್‌ಪ್ರೂಫ್ ಬೆರೆಸಿ ಮತ್ತೆ ಸಿಮೆಂಟೇ ಮಾಡಿ, ಮೇಲೆ ಟೆಕ್ಸ್ಚರ್ ಪೇಂಟ್ ಹೊಡೆಯೋಣ ಅನ್ನುತ್ತಾರೆ ಮೇಸ್ತ್ರಿ. ಮಾಡಿಸಬಹುದೇ?
– ನಿವೃತ್ತ ಶಿಕ್ಷಕರು, ಮಧುಗಿರಿ

ಉತ್ತರ: ಬೇಡಿ ಮೇಷ್ಟ್ರೇ. ಮೇಸ್ತ್ರಿ ಹೊಸ ಮನೆಗೆ ಮಾಡುವ ಔಷಧಿಯನ್ನು ಹಳೇ ಮನೆಗೆ ಬರೆದುಕೊಟ್ಟಿದ್ದಾರೆ. ನಮ್ಮ ಸೀಮೆಯ ಗ್ರಾನೈಟು ನೀರು ಕುಡಿಯುವುದಿಲ್ಲ, ಕುಡಿಯುವುದು ಸಂದಿನಲ್ಲಿರುವ ಮಣ್ಣು. ನೆಲದಿಂದ ಹತ್ತಿದ ತೇವ ಮೊದಲು ಸುಣ್ಣದ ಗಾರೆಯ ಮೂಲಕ ಹೊರಗೆ ಆರುತ್ತಿತ್ತು. ಈಗ ಸಿಮೆಂಟೂ ಪೇಂಟೂ ಸೇರಿ ಪ್ಲಾಸ್ಟಿಕ್ ಕೋಟು ತೊಡಿಸಿದ ಹಾಗಾಗಿದೆ, ಗೋಡೆ ಒಳಗೇ ಬೆವರುತ್ತಿದೆ. ಬಿಳೀ ಪುಡಿ ಆ ತೇವ ಹೊತ್ತು ತಂದ ಉಪ್ಪು. ವಾಟರ್‌ಪ್ರೂಫ್ ಬೆರೆಸಿದರೆ ತೇವ ಇನ್ನೂ ಮೇಲಕ್ಕೇರಿ, ಮೂರಡಿ ಇದ್ದದ್ದು ಐದಡಿ ಆದೀತು.

ಗಾರೆಗಿಂತ ಮುಂಚೆ ಬೀದಿ ನೋಡಿ. ನಿಮ್ಮೂರಲ್ಲೂ ಸಿಸಿ ರಸ್ತೆಯ ಮೇಲೆ ಸಿಸಿ ರಸ್ತೆ ಹಾಕಿ, ಮನೆಯ ತಳಪಾಯ ರಸ್ತೆಗಿಂತ ತಗ್ಗಾಗಿದೆಯೇ? ಹಾಗಿದ್ದರೆ ಗೋಡೆಯ ಬುಡದಲ್ಲಿ ಮಣ್ಣು ತೆಗೆಸಿ, ನೀರು ಮನೆಯಿಂದ ಆಚೆಗೆ ಹರಿಯುವಂತೆ ಸಣ್ಣ ಚರಂಡಿ ಮಾಡಿಸಿ. ಸೂರಿನ ನೀರು ಗೋಡೆಗೆ ಸಿಡಿಯದಂತೆ ತಗಡಿನ ದೋಣಿ ಕಟ್ಟಿಸಿ. ಇದನ್ನು ಬಿಟ್ಟು ಯಾವ ಗಾರೆ ಮಾಡಿಸಿದರೂ ದಂಡ.

ಆಮೇಲೆ ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಉಳಿ ಸುತ್ತಿಗೆಯಿಂದಲೇ ಬಿಡಿಸಬೇಕು. ಬ್ರೇಕರ್ ಮಿಷನ್ ತರಲು ಬಿಡಬೇಡಿ, ಆ ಅದುರಿಗೆ ಸಂದಿನ ಮಣ್ಣು ಸಡಿಲವಾಗುತ್ತದೆ. ಬಿಡಿಸಿದ ಗೋಡೆ ಕೆಲವು ತಿಂಗಳು ಬರಿಮೈಯಲ್ಲಿ ಆರಲಿ, ಮೇಲೆ ಬಂದ ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ. ಮುಂಭಾಗದ ಕಲ್ಲು ಚೆನ್ನಾಗಿ ಕೆತ್ತಿದ ಸೈಜುಗಲ್ಲಾದರೆ ಅಲ್ಲಿ ಗಾರೆಯೇ ಬೇಡ, ಸುಣ್ಣದಲ್ಲಿ ಸಂದು ತುಂಬಿಸಿದರೆ ಸಾಕು. ನಾನಾದರೆ ಹಾಗೇ ಮಾಡಿಸುತ್ತಿದ್ದೆ. ಕಾಡುಗಲ್ಲಿನ ಗೋಡೆಗೆ ಮಾತ್ರ ಗಾರೆ ಬೇಕು.

ಸುಣ್ಣದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕೆಲಸ ಕೆಡುವುದು ಇಲ್ಲೇ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಸುಣ್ಣದ ಪುಡಿ ಗಾಳಿ ಕುಡಿದು ಸತ್ತಿರುತ್ತದೆ. ಸುಟ್ಟ ಸುಣ್ಣದ ಕಲ್ಲನ್ನೇ ತಂದು ಕಬ್ಬಿಣದ ಡ್ರಮ್ಮಿನ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ ಅರಳಿಸಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು. ಅದು ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಜರಡಿ ಹಿಡಿದ ಸುಣ್ಣದ ಮೇಲೆ ನೀರು ನಿಲ್ಲಿಸಿ ಮೂರು ವಾರವಾದರೂ ಇಡಿ. ಆಮೇಲೆ ಒಂದು ಪಾಲು ಸುಣ್ಣ, ಒಂದು ಪಾಲು ನಯವಾದ ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಹೊಳೆ ಮರಳು ಸಿಗದಿದ್ದರೆ ಪ್ಲಾಸ್ಟರಿಂಗ್‌ಗೆಂದೇ ಬರುವ ಪಿ-ಸ್ಯಾಂಡ್ ಆದೀತು, ಆದರೆ ಧೂಳು ಹೆಚ್ಚಿದ್ದರೆ ಬಿರುಕು ಖಂಡಿತ. ಬೆಲ್ಲ, ಅಳಲೆಕಾಯಿ ನೀರು ಹಾಕಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಹಾಕುವುದು ಗೊತ್ತಿದ್ದವರು ಹಾಕಲಿ, ಸುಣ್ಣವೇ ಸತ್ತಿದ್ದರೆ ಬೆಲ್ಲ ಏನು ಮಾಡೀತು?

ಸಂದಿನ ಸಡಿಲ ಮಣ್ಣನ್ನು ಒಂದಂಗುಲ ಕೆರೆದು, ನೀರು ಚಿಮುಕಿಸಿ, ಕಲ್ಲಿನ ಚಕ್ಕೆ ಸೇರಿಸಿ ಗಾರೆ ತುಂಬಲಿ. ಮೊದಲ ಪದರವನ್ನು ಕರಣೆಯಿಂದ ಬೀಸಿ ಎರಚಬೇಕು, ಆಗಲೇ ಅದು ಕಲ್ಲಿಗೆ ಕಚ್ಚುವುದು. ಯಾವ ಪದರವೂ ಅರ್ಧ ಅಂಗುಲ ಮೀರಬಾರದು, ಪದರದಿಂದ ಪದರಕ್ಕೆ ವಾರ ಹತ್ತು ದಿನ ಬಿಡಿ. ಗೋಡೆಗೆ ಗೋಣಿತಾಟು ಇಳಿಬಿಟ್ಟು ತೇವ ಕಾಯಿರಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಹಾಗಾಗಿ ಕಾರ್ತಿಕ ಕಳೆದ ಮೇಲೆ ಶುರು ಮಾಡಿ ಶಿವರಾತ್ರಿಯೊಳಗೆ ಮುಗಿಸಿ. ಕೊನೆಗೆ ತೆಳುವಾಗಿ ನಾಲ್ಕು ಸಲ ಸುಣ್ಣ ಬಳಿಸಿ. ಪೇಂಟು ಬೇಡ.

ಮೇಸ್ತ್ರಿ ಒಪ್ಪದಿದ್ದರೆ ಜಗಳ ಬೇಡ. ಹಿತ್ತಿಲ ಗೋಡೆಯಲ್ಲಿ ನಾಲ್ಕಡಿ ಅಗಲ ಸುಣ್ಣದಲ್ಲಿ, ಪಕ್ಕದ ನಾಲ್ಕಡಿ ಅವರ ಸಿಮೆಂಟಿನಲ್ಲಿ ಮಾಡಿಸಿ. ಒಂದು ಮಳೆಗಾಲ ಕಳೆದ ಮೇಲೆ ಇಬ್ಬರೂ ನಿಂತು ತಟ್ಟಿ ನೋಡಿ, ಮಿಕ್ಕ ಗೋಡೆಗೆ ಆಗ ಕೈ ಹಾಕಿ.