ಒಪ್ಪಿಕೊಂಡ ಕೆಲಸ ಬೇಡ ಅನ್ನೋಕೆ ‘ಐ ರಿಸಿಂಡ್ ಯುವರ್ ಆಫರ್’ ಅಂತ ಬರೆಯಬಹುದಾ? ‘ಕ್ಯಾನ್ಸಲ್’ಗಿಂತ ಗೌರವವಾಗಿ ಕೇಳಿಸುತ್ತೆ ಅಲ್ವಾ?

ಆ ಮೇಲ್ ಇನ್ನೂ ಕಳಿಸಿಲ್ಲ ತಾನೇ? ಸ್ವಲ್ಪ ತಡೀರಿ. ನಾನೂ ರಿಸಿಂಡ್ ಅಂದರೆ ಕ್ಯಾನ್ಸಲ್‌ಗೇ ಇರೋ ತೂಕದ ಹೆಸರು ಅಂದುಕೊಂಡಿದ್ದೆ. ಆ ಒಂದು ಪದಕ್ಕೆ ಒಂದು ತಿಂಗಳ ದುಡಿಮೆ ಕಳೆದುಕೊಂಡೆ.

ಒಂದು ಸಂಸ್ಥೆಗೆ ತಿಂಗಳ ಲೆಕ್ಕದಲ್ಲಿ ಬರೆದುಕೊಡುತ್ತಿದ್ದೆ. ನಾಲ್ಕು ತಿಂಗಳು ಹಣ ಸರಿಯಾಗಿ ಬಂತು, ಐದನೆಯದು ಬರಲಿಲ್ಲ. ಕೇಳಿ ಕೇಳಿ ಸಾಕಾಗಿ, ಬಿಟ್ಟುಬಿಡೋಣ ಅಂತ ರಾತ್ರಿ ಮೇಲ್ ಬರೆಯೋಕೆ ಕೂತೆ. ‘ಕ್ಯಾನ್ಸಲ್’ ಅಂತ ಬರೆದೆ, ಸಪ್ಪೆ ಅನಿಸಿತು, ಅಳಿಸಿದೆ. ಸಮಾನಾರ್ಥಕ ಪದಗಳನ್ನು ಹುಡುಕಿದರೆ ರಿವೋಕ್, ರಿಪೀಲ್, ರಿಸಿಂಡ್ ಎಲ್ಲಾ ಒಂದೇ ಸಾಲಿನಲ್ಲಿದ್ದವು. ಕೊನೆಯದನ್ನು ಎತ್ತಿಕೊಂಡು ಬರೆದೆ: ‘ಐ ಹಿಯರ್‌ಬೈ ರಿಸಿಂಡ್ ದಿ ಅಗ್ರಿಮೆಂಟ್.’

ಎರಡು ದಿನಕ್ಕೆ ಉತ್ತರ ಬಂತು. ‘ಒಪ್ಪಂದವನ್ನೇ ರಿಸಿಂಡ್ ಮಾಡಿದ್ದೀರಿ. ಹಾಗಾದರೆ ಕೊಟ್ಟಿರುವ ನಾಲ್ಕು ತಿಂಗಳ ಹಣ ವಾಪಸ್ ಮಾಡಿ, ನಿಮ್ಮ ಬರಹ ನಿಮಗೆ ಕಳಿಸುತ್ತೇವೆ.’ ಓದಿ ಕೈಕಾಲು ತಣ್ಣಗಾಯಿತು.

ಒಪ್ಪಂದದ ಮಾತಿನಲ್ಲಿ ರಿಸಿಂಡ್ ಅಂದರೆ ‘ಇವತ್ತಿಗೆ ಸಾಕು’ ಅಂತಲ್ಲ. ‘ಮೊದಲಿಂದಲೇ ಇರಲಿಲ್ಲ’ ಅಂತ. ಸಹಿ ಹಾಕುವ ಮುಂಚೆ ಇಬ್ಬರೂ ಎಲ್ಲಿದ್ದರೋ ಅಲ್ಲಿಗೇ ಹೋಗಬೇಕು, ಪಡೆದದ್ದನ್ನು ಇಬ್ಬರೂ ಹಿಂದಿರುಗಿಸಬೇಕು. ಮೋಸ ಮಾಡಿಯೋ ಸುಳ್ಳು ಹೇಳಿಯೋ ಸಹಿ ಹಾಕಿಸಿಕೊಂಡಾಗ ಹಿಡಿಯುವ ದಾರಿ ಅದು. ಪದದ ಬುಡದಲ್ಲಿರೋದು ಲ್ಯಾಟಿನ್‌ನ ‘ಸ್ಕಿಂಡೆರೆ’, ಸೀಳು ಅಂತ ಅರ್ಥ. ನನಗೆ ಬೇಕಾಗಿದ್ದದ್ದು ‘ಟರ್ಮಿನೇಟ್’. ದುಡಿದದ್ದಕ್ಕೆ ಹಣ ಕೊಡಿ, ಇನ್ನು ಮುಂದೆ ಬೇಡ, ಅಷ್ಟೇ. ಟರ್ಮಿನೇಟ್ ಮುಂದಿನದನ್ನು ನಿಲ್ಲಿಸುತ್ತೆ. ರಿಸಿಂಡ್ ಹಿಂದಿನದನ್ನೂ ಅಳಿಸುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ನನ್ನ ಕೈಯಾರೆ ಅವರಿಗೆ ಹಿಡಿತ ಕೊಟ್ಟಿದ್ದೆ. ಸುಮ್ನೆ ಒಂದು ಮೇಲ್ ಬರೆದ ಮಾತ್ರಕ್ಕೆ ಒಪ್ಪಂದ ಹಾಗೆ ಅಳಿಸಿಹೋಗಲ್ಲ ಅಂತ ವಕೀಲರೊಬ್ಬರು ಆಮೇಲೆ ಹೇಳಿದರು. ಅಷ್ಟರಲ್ಲಿ ನಾನು ಹೆದರಿ, ಐದನೇ ತಿಂಗಳ ಹಣ ಬಿಟ್ಟುಕೊಡ್ತೀನಿ ಅಂತ ಬರೆದುಕೊಟ್ಟಾಗಿತ್ತು.

ಹಾಗಾಗಿ ಕ್ಯಾನ್ಸಲ್ ಅಂದರೆ ಗೌರವ ಕಮ್ಮಿ ಅನ್ನೋ ನಿಮ್ಮ ಲೆಕ್ಕ ನಾನು ಒಪ್ಪಲ್ಲ. ಮೀಟಿಂಗ್‌ಗೆ, ಟಿಕೆಟ್‌ಗೆ ಕ್ಯಾನ್ಸಲ್ಲೇ ಸರಿ, ಎಷ್ಟೇ ದೊಡ್ಡವರಿಗೆ ಬರೆದರೂ ಸರಿ. ಲೈಸೆನ್ಸ್, ಅನುಮತಿಗೆ ಜಾಸ್ತಿ ಬಳಸೋದು ರಿವೋಕ್. ಶಾಸನಸಭೆ ಕಾನೂನನ್ನು ತೆಗೆದುಹಾಕಿದರೆ ರಿಪೀಲ್. ರಿಸಿಂಡ್ ಆಗೋದು ಆದೇಶ, ನಿರ್ಧಾರ, ಆಫರ್ ಇಂಥವು. (ಬರವಣಿಗೆಯಲ್ಲಿ ‘ಎಸ್’ ಆದಮೇಲೆ ‘ಸಿ’ ಬಂದರೂ ‘ರಿಸ್ಕಿಂಡ್’ ಅನ್ನಬೇಡಿ, ‘ರಿಸಿಂಡ್’.)

ಆಫರ್ ರಿಸಿಂಡ್ ಮಾಡೋದು ಅದನ್ನು ಕೊಟ್ಟವರು. ನಿಮ್ಮ ವಿಷಯದಲ್ಲಿ ಕೊಟ್ಟಿದ್ದು ಕಂಪನಿ, ನೀವಲ್ಲ. ನೀವು ಕೊಟ್ಟಿದ್ದು ಒಪ್ಪಿಗೆ ಮಾತ್ರ, ವಾಪಸ್ ತಗೊಳ್ಳಬೇಕಾದದ್ದೂ ಅದನ್ನೇ. ಮೊದಲು ಆಫರ್ ಲೆಟರ್ ತೆಗೆದು, ಒಪ್ಪಿದಮೇಲೆ ಹಿಂದೆ ಸರಿದರೆ ಏನು ಅಂತ ಬರೆದಿದೆಯಾ ನೋಡಿ. ಆಮೇಲೆ ಇಷ್ಟು ಬರೆಯಿರಿ: ‘ಐ ಆಮ್ ಸಾರಿ, ಐ ಹ್ಯಾವ್ ಟು ವಿತ್‌ಡ್ರಾ ಮೈ ಅಕ್ಸೆಪ್ಟೆನ್ಸ್.’ ನಾಳೆ ನಾಳೆ ಅನ್ನದೆ ಇವತ್ತೇ ಕಳಿಸಿ, ಆ ಜಾಗಕ್ಕೆ ಅವರು ಬೇರೆಯವರನ್ನು ಹುಡುಕಬೇಕಲ್ಲ.