ಕೈರೊಸ್ ಎಂಬುದು ಇನ್ನೊಂದು ಬಗೆಯ ಕಾಲವೇ?

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಇತರ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಪ್ರಾಚೀನ ಗ್ರೀಕರು ಕಾಲವನ್ನು ಎರಡಾಗಿ ಕಂಡಿದ್ದರು, ಗಡಿಯಾರ ಅಳೆಯುವ ಕಾಲವನ್ನು ‘ಖ್ರೊನೊಸ್’ ಎಂದೂ ಬಾಳಿಗೆ ತಿರುವು ಕೊಡುವ ಧನ್ಯ ಗಳಿಗೆಯನ್ನು ‘ಕೈರೊಸ್’ ಎಂದೂ ಕರೆಯುತ್ತಿದ್ದರು ಎಂದು ನೀವು ಉಪನ್ಯಾಸವೊಂದರಲ್ಲಿ ಕೇಳಿದಿರಿ. ಈ ವಿಂಗಡಣೆ ನಿಜವಾಗಿಯೂ ಗ್ರೀಕರದೇ, ತನ್ನ ಮಕ್ಕಳನ್ನು ನುಂಗಿದ ದೇವರೇ ಖ್ರೊನೊಸ್ ಎಂದು ಅಲ್ಲಿ ಹೇಳಿದ್ದು ಸರಿಯೇ, ‘ತಕ್ಷಣ’ ಎಂಬುದಕ್ಕೆ ಅವರಲ್ಲಿ ಯಾವ ಮಾತಿತ್ತು, ಇಂದಿನ ಗ್ರೀಕರ ಬಾಯಲ್ಲಿ ಈ ಪದಗಳು ಉಳಿದಿವೆಯೇ ಎಂಬುವು ನಿಮ್ಮ ಪ್ರಶ್ನೆಗಳು.

ಎರಡನೆಯದಕ್ಕೆ ಉತ್ತರ ಚಿಕ್ಕದಾದ್ದರಿಂದ ಅದನ್ನು ಮೊದಲು ಮುಗಿಸೋಣ. ಮಕ್ಕಳನ್ನು ನುಂಗಿದವನು ಜ್ಯೂಸ್ ದೇವನ ತಂದೆಯಾದ ಕ್ರೊನೊಸ್. ಕಾಲವೆಂಬ ಅರ್ಥದ ಪದ ಖ್ರೊನೊಸ್. ಒಂದು ಅಲ್ಪಪ್ರಾಣ, ಇನ್ನೊಂದು ಮಹಾಪ್ರಾಣ. ಗ್ರೀಕ್ ಲಿಪಿಯಲ್ಲಿ ಇವು ಬೇರೆ ಬೇರೆ ಅಕ್ಷರಗಳು, ಕನ್ನಡದಲ್ಲಿ ಬರೆದರೂ ವ್ಯತ್ಯಾಸ ಉಳಿಯುತ್ತದೆ. ರೋಮನ್ ಲಿಪಿಯ ಮೂಲಕ ಓದುವವರಿಗೆ ಮಾತ್ರ ಅದು ಸುಲಭವಾಗಿ ಅಳಿಸಿಹೋಗುತ್ತದೆ. ಆದರೂ ಇವೆರಡನ್ನು ಬೆಸೆದವರು ನಮ್ಮ ಕಾಲದವರಲ್ಲ. ಕ್ರೊನೊಸ್ ಎಂದರೆ ಕಾಲವೆಂದೇ ಗ್ರೀಕರು ರೂಪಕಾರ್ಥ ಹೇಳುತ್ತಿದ್ದರೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕನೇ ಬರೆದಿದ್ದಾನೆ. ನಿಮ್ಮ ಉಪನ್ಯಾಸಕರು ಆ ಹಳೆಯ ಶ್ಲೇಷೆಯನ್ನು ವ್ಯುತ್ಪತ್ತಿಯೆಂದು ಬಗೆದಿರಬೇಕು.

ಮೊದಲ ಪ್ರಶ್ನೆಯೇ ನಿಜವಾಗಿ ಗಟ್ಟಿಯಾದದ್ದು. ಎರಡು ಕಾಲಗಳ ಆ ಚೊಕ್ಕ ವಿಂಗಡಣೆ ಪೂರ್ತಿ ಸುಳ್ಳಲ್ಲ. ಆದರೆ ಕೈರೊಸ್ ಹುಟ್ಟಿನಿಂದಲೇ ಕಾಲವಾಚಕವಾಗಿತ್ತು ಎಂದುಕೊಂಡರೆ ಆ ಪದದ ಅತ್ಯಂತ ಸಮೃದ್ಧವಾದ ಭಾಗ ನಮ್ಮ ಕೈತಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೋಮರನ ಕಾವ್ಯಗಳಲ್ಲಿ ಕೈರೊಸ್ ಎಂಬ ನಾಮಪದ ಒಮ್ಮೆಯೂ ಬರುವುದಿಲ್ಲ. ಬರುವುದು ಅದರ ವಿಶೇಷಣವಾದ ‘ಕೈರಿಯೊಸ್’, ಅದೂ ಮೈಯ ಒಂದು ಜಾಗವನ್ನು ಸೂಚಿಸಲು. ‘ಇಲಿಯಡ್’ನ ನಾಲ್ಕನೆಯ ಸರ್ಗದಲ್ಲಿ ಟ್ರಾಯ್ ಪಕ್ಷದ ಬಿಲ್ಲುಗಾರ ಪಾಂಡರಸ್ ಕದನವಿರಾಮವನ್ನು ಮುರಿದು ಗ್ರೀಕರ ಮೆನೆಲಾಸನ ಮೇಲೆ ಬಾಣ ಬಿಡುತ್ತಾನೆ, ಅಥೀನಾ ಅದನ್ನು ನಡುಪಟ್ಟಿಯ ಕೊಂಡಿಗಳು ಕೂಡುವ ಕಡೆಗೆ ತಿರುಗಿಸುತ್ತಾಳೆ. ನೆತ್ತರನ್ನು ಕಂಡು ನಡುಗುವ ಅಣ್ಣ ಅಗಮೆಮ್ನಾನನಿಗೆ ಮೆನೆಲಾಸನು ಧೈರ್ಯ ಹೇಳುತ್ತ, ಬಾಣ ನೆಟ್ಟಿರುವುದು ‘ಕೈರಿಯೊಸ್’ ಆದ ಕಡೆಯಲ್ಲಲ್ಲ ಎನ್ನುತ್ತಾನೆ. ಎಂಟನೆಯ ಸರ್ಗದಲ್ಲಿ ಪ್ಯಾರಿಸನ ಬಾಣ ನೆಸ್ಟರನ ಕುದುರೆಯ ನೆತ್ತಿಗೆ, ಕೇಸರದ ಮೊದಲ ಕೂದಲು ಹುಟ್ಟುವಲ್ಲಿಗೆ, ತಾಗಿದಾಗ ಆ ಜಾಗವನ್ನು ಬಣ್ಣಿಸುವುದೂ ಇದೇ ಪದ. ಕನ್ನಡದಲ್ಲಿ ನಾವು ಇದನ್ನು ಮರ್ಮಸ್ಥಾನವೆಂದು ಯಾವ ಅಳುಕೂ ಇಲ್ಲದೆ ಅನುವಾದಿಸಬಹುದು. ಅಂದರೆ ನಮಗೆ ಸಿಗುವ ಅತಿ ಹಳೆಯ ಪ್ರಯೋಗಗಳಲ್ಲಿ ಈ ಪದಮೂಲ ಹೇಳುವುದು ಎಲ್ಲಿ ತಾಗಿದರೆ ಜೀವಕ್ಕೆ ಮುಟ್ಟುತ್ತದೆ ಎಂಬುದನ್ನು, ಯಾವಾಗ ಎಂಬುದನ್ನಲ್ಲ. ಈ ಅರ್ಥ ಬಹುಕಾಲ ಉಳಿಯಿತು. ಈಸ್ಕಿಲಸನ ‘ಅಗಮೆಮ್ನಾನ್’ ನಾಟಕದಲ್ಲಿ ಜ್ಯೂಸನು ಪ್ಯಾರಿಸನ ಮೇಲೆ ಬಿಲ್ಲು ಬಾಗಿಸಿ ಬಹುಕಾಲ ಕಾದದ್ದನ್ನು ಮೇಳದವರು ಹಾಡುವಾಗ, ಬಾಣ ‘ಕೈರೊಸ್’ಗಿಂತ ಈಚೆಗೂ ಬೀಳಬಾರದು, ನಕ್ಷತ್ರಗಳಾಚೆಗೆ ಹಾರಿ ವ್ಯರ್ಥವೂ ಆಗಬಾರದು ಎಂಬ ಮಾತು ಬರುತ್ತದೆ. ಅಲ್ಲಿ ಕೈರೊಸ್ ಎಂದರೆ ಗುರಿ.

ಹೆಸಿಯಡ್ ಕವಿಗೆ ಬಂದರೆ ಪದ ಇನ್ನೊಂದು ಬದಿಗೆ ಹೊರಳುತ್ತದೆ. ತಮ್ಮ ಪೆರ್ಸೆಸನಿಗೆ ಬೇಸಾಯ ಮತ್ತು ಸಮುದ್ರಯಾನದ ಬುದ್ಧಿ ಹೇಳುವ ಕಾವ್ಯದಲ್ಲಿ ಅವನು, ಇರುವ ಸರಕನ್ನೆಲ್ಲ ಹಡಗಿಗೆ ತುಂಬಬೇಡ, ಹೆಚ್ಚಿನ ಪಾಲನ್ನು ಮನೆಯಲ್ಲಿ ಉಳಿಸಿ ಕಡಿಮೆ ಪಾಲನ್ನು ಹೇರು, ಬಂಡಿಗೆ ಮಿತಿಮೀರಿ ಹೇರಿ ಅಚ್ಚು ಮುರಿದು ಸರಕು ಹಾಳಾದರೆ ಸಂಕಟ ತಪ್ಪಿದ್ದಲ್ಲ ಎಂದು ಎಚ್ಚರಿಸಿ, ಅಳತೆಯನ್ನು ಪಾಲಿಸು, ಎಲ್ಲದರಲ್ಲಿಯೂ ಕೈರೊಸ್ ಶ್ರೇಷ್ಠ ಎಂದು ಮುಗಿಸುತ್ತಾನೆ. ಇಲ್ಲಿ ಕೈರೊಸ್ ಅನ್ನು ‘ಸಮಯ’ ಎಂದು ಅನುವಾದಿಸಿದರೆ ಬಂಡಿಯ ಅಚ್ಚಿಗೂ ಮಾತಿಗೂ ಸಂಬಂಧವೇ ಕಡಿದುಹೋಗುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರ ನಿಲ್ಲುವ ಪದ ‘ಹದ’. ಬಿತ್ತನೆಗೆ ನೆಲ ಹದಕ್ಕೆ ಬಂದಿದೆ ಎಂದಾಗ ಅದರಲ್ಲಿ ತೇವದ ಅಳತೆಯೂ ಇದೆ, ಕೂಡಲೇ ಕೂರಿಗೆ ಹೂಡಬೇಕೆಂಬ ಹೊತ್ತಿನ ಸೂಚನೆಯೂ ಇದೆ; ಆ ಹೊತ್ತನ್ನು ತಿಥಿ ಹೇಳುವುದಿಲ್ಲ, ನೆಲವೇ ಹೇಳುತ್ತದೆ.

ಕೈರೊಸ್ ಒಂದೊಂದು ಕಸುಬಿನ ಒಳಗೇ ಇರುತ್ತದೆ ಎಂಬುದನ್ನು ಗ್ರೀಕರು ಸ್ಪಷ್ಟವಾಗಿಯೇ ಹೇಳಿದ್ದಾರೆ. ಕೆಲಸದ ಕೈರೊಸ್ ತಪ್ಪಿದರೆ ಕೆಲಸವೇ ಕೆಡುತ್ತದೆ, ಕೆಲಸ ಕೆಲಸಗಾರನ ಬಿಡುವಿಗೆ ಕಾಯುವುದಿಲ್ಲ ಎಂದು ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ಬರೆಯುತ್ತಾನೆ. ಅರಿಸ್ಟಾಟಲನು ನೀತಿಶಾಸ್ತ್ರದ ಮೊದಲ ಭಾಗದಲ್ಲಿ, ಕಾಲದ ವಿಷಯದಲ್ಲಿ ಒಳಿತು ಎಂಬುದಕ್ಕೆ ಕೈರೊಸ್ ಎಂದು ಹೆಸರು ಎಂದು ಹೇಳಿ, ಆದರೆ ಅದನ್ನು ಅರಿಯುವ ಒಂದೇ ಶಾಸ್ತ್ರವಿಲ್ಲ, ಯುದ್ಧದಲ್ಲಿ ಸೇನಾನಾಯಕತ್ವ, ರೋಗದಲ್ಲಿ ವೈದ್ಯ ಎಂದು ಸೇರಿಸುತ್ತಾನೆ.

ವೈದ್ಯರ ಮಾತು ಬಂದಿದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರವಾಗಬಲ್ಲ ವಾಕ್ಯವೊಂದನ್ನು ನೆನೆಯಬೇಕು. ಬದುಕು ಗಿಡ್ಡ, ವಿದ್ಯೆ ದೀರ್ಘ ಎಂಬ ಹಿಪೊಕ್ರಟಿಸನ ಸೂತ್ರವನ್ನು ಎಲ್ಲರೂ ಬಲ್ಲರು. ಅದರ ಮೂರನೆಯ ತುಂಡು ‘ಕೈರೊಸ್ ಹರಿತ’ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹಿಪೊಕ್ರಟಿಸನ ಹೆಸರಿನಲ್ಲಿ ಉಳಿದಿರುವ ಇನ್ನೊಂದು ಕಿರುಗ್ರಂಥ ಆರಂಭವಾಗುವುದೇ ಹೀಗೆ: ಖ್ರೊನೊಸ್ ಎಂದರೆ ಯಾವುದರೊಳಗೆ ಕೈರೊಸ್ ಇದೆಯೋ ಅದು, ಕೈರೊಸ್ ಎಂದರೆ ಯಾವುದರೊಳಗೆ ಹೆಚ್ಚು ಖ್ರೊನೊಸ್ ಇಲ್ಲವೋ ಅದು. ವಾಸಿಯಾಗುವುದು ಖ್ರೊನೊಸ್‌ನಿಂದ, ಕೆಲವೊಮ್ಮೆ ಕೈರೊಸ್‌ನಿಂದಲೂ ಎಂದು ಅದು ಮುಂದುವರಿಯುತ್ತದೆ. ರೋಗಿಯ ಪಕ್ಕದಲ್ಲಿ ಕುಳಿತವನ ಅನುಭವದಿಂದ ಬಂದ ಈ ಮಾತಿನಲ್ಲಿ ಒಂದು ಇನ್ನೊಂದರ ಹೊಟ್ಟೆಯೊಳಗಿದೆ. ಲೌಕಿಕ ಕಾಲ, ದೈವಿಕ ಕಾಲ ಎಂಬ ಎದುರುಬದುರು ಅಲ್ಲಿಲ್ಲ.

ಮಾತುಗಾರರಿಗೂ ಈ ಪದ ಬಲು ಮುಖ್ಯವಾಗಿತ್ತು. ಭಾಷಣಕಲೆಯನ್ನು ಅಕ್ಷರಮಾಲೆಯಂತೆ ಬಾಯಿಪಾಠ ಮಾಡಿಸುವ ಗುರುಗಳನ್ನು ಅಥೆನ್ಸಿನ ಭಾಷಣಶಿಕ್ಷಕ ಐಸೊಕ್ರಟಿಸ್ ಖಂಡಿಸುವುದು ಇದೇ ಆಧಾರದ ಮೇಲೆ: ಅಕ್ಷರಗಳು ಬದಲಾಗುವುದಿಲ್ಲ, ಆದರೆ ಒಬ್ಬನು ಆಡಿದ ಮಾತು ಅವನ ಬೆನ್ನಿಗೇ ಏಳುವ ಇನ್ನೊಬ್ಬನಿಗೆ ಅದೇ ರೀತಿ ಒದಗುವುದಿಲ್ಲ, ಕೈರೊಸ್‌ಗೆ ಹೊಂದದ ಭಾಷಣ ಒಳ್ಳೆಯದಾಗಲಾರದು. ಅಥೆನ್ಸಿನ ನ್ಯಾಯಾಲಯದಲ್ಲಿ ಈ ಎರಡೂ ಪದಗಳು ಒಟ್ಟಿಗೇ ಕೆಲಸ ಮಾಡುತ್ತಿದ್ದವು. ಅಲ್ಲಿನ ಅಗೋರಾ, ಅಂದರೆ ಪೇಟೆಚೌಕ, ಅಗೆದಾಗ ಸಿಕ್ಕ ಮಣ್ಣಿನ ಜಲಗಡಿಯಾರವೊಂದು ಸುಮಾರು 6.4 ಲೀಟರ್ ನೀರು ಹಿಡಿಯುತ್ತದೆ. ಬುಡದ ಸಣ್ಣ ಕೊಳವೆಯಿಂದ ಅಷ್ಟೂ ನೀರು ಹರಿದುಹೋಗಲು ಸುಮಾರು 6 ನಿಮಿಷ ಬೇಕು. ವಾದಿಗೂ ಪ್ರತಿವಾದಿಗೂ ಅಳೆದು ಕೊಟ್ಟ ನೀರು ಖ್ರೊನೊಸ್. ಆ ನೀರು ಇಳಿಯುವುದರೊಳಗೆ ಯಾವ ಸಾಕ್ಷಿಯನ್ನು ಯಾವಾಗ ಮುಂದಿಡಬೇಕೆಂಬ ಅರಿವು ಕೈರೊಸ್.

ಈ ಪದದ ಬಿಸಿಯನ್ನು ತಿಳಿಯಲು ಅಥೆನ್ಸಿನ ಭಾಷಣಕಾರ ಡೆಮಾಸ್ತನೀಸನನ್ನು ಓದಬೇಕೆಂದು ನಿಮ್ಮನ್ನು ಒತ್ತಾಯಿಸುತ್ತೇನೆ. ಕ್ರಿ.ಪೂ. 351ರ ಸುಮಾರಿಗೆ, ಮ್ಯಾಸಿಡೋನಿಯದ ಫಿಲಿಪ್ ಊರಿನ ಮೇಲೆ ಊರನ್ನು ಹಿಡಿಯುತ್ತಿದ್ದಾಗ, ಡೆಮಾಸ್ತನೀಸನು ಅಥೆನ್ಸಿನ ಜನಸಭೆಯೆದುರು ನಿಂತು ಒಂದು ಪ್ರಶ್ನೆ ಕೇಳುತ್ತಾನೆ. ಪಾನಥೆನಾಯಿಯ ಮತ್ತು ಡಯೊನೀಸಿಯ ಹಬ್ಬಗಳು ವರ್ಷವೂ ತಪ್ಪದೆ ಆಯಾ ದಿನವೇ ನಡೆಯುತ್ತವೆ, ಯಾರ ಪಾಲಿಗೆ ಯಾವ ಖರ್ಚು, ಯಾರು ಏನನ್ನು ಯಾರಿಂದ ಪಡೆಯಬೇಕು ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಹಾಗಿರುವಾಗ ಮೆಥೋನೆಗೆ, ಪಾಗಸೈಗೆ, ಪೊಟಿಡೀಯಕ್ಕೆ ನೀವು ಕಳಿಸಿದ ಹಡಗುಪಡೆಗಳೆಲ್ಲ ಕೈರೊಸ್ ಕಳೆದ ಮೇಲೆಯೇ ತಲುಪಿದ್ದು ಏಕೆ? ನಾವು ಸಿದ್ಧತೆ ಮಾಡಿಕೊಳ್ಳುವುದರಲ್ಲೇ ಕೆಲಸದ ಕಾಲವನ್ನು ಕಳೆಯುತ್ತೇವೆ, ನಮ್ಮ ನಿಧಾನಕ್ಕೂ ನೆಪಗಳಿಗೂ ಕೈರೊಸ್‌ಗಳು ಕಾದು ನಿಲ್ಲುವುದಿಲ್ಲ ಎನ್ನುತ್ತಾನೆ. ಬಳಿಕ ಮುಷ್ಟಿಯುದ್ಧ ಬಾರದ ಪರದೇಶಿಯ ಚಿತ್ರವನ್ನು ಕೊಡುತ್ತಾನೆ. ಅವನಿಗೆ ಎಲ್ಲಿ ಏಟು ಬಿತ್ತೋ ಅಲ್ಲಿಗೆ ಕೈ ಹೋಗುತ್ತದೆ, ಇನ್ನೊಂದು ಕಡೆ ಹೊಡೆದರೆ ಕೈ ಅಲ್ಲಿಗೆ ಹೋಗುತ್ತದೆ. ಏಟನ್ನು ತಡೆಯುವುದಾಗಲಿ ಎದುರಾಳಿಯ ಮುಖವನ್ನು ನೋಡುವುದಾಗಲಿ ಅವನಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಇಲ್ಲಿ ಕೈರೊಸ್ ಬಹುವಚನದಲ್ಲಿದೆ ಎಂಬುದನ್ನು ಗಮನಿಸಿ. ಅದು ಬಾಳಿಗೊಮ್ಮೆ ಬರುವ ಧನ್ಯ ಗಳಿಗೆಯಲ್ಲ. ಹೆಸರಿರುವ ಮೂರು ಊರುಗಳಲ್ಲಿ ಮೂರು ಬಾರಿ ಬಂದು, ಹಡಗು ತಡವಾದ್ದರಿಂದ ಕೈಬಿಟ್ಟುಹೋದದ್ದು.

ಇಂಥ ಪದ ದೇವರೂ ಆಯಿತು. ಒಲಿಂಪಿಯದ ಕ್ರೀಡಾಂಗಣದ ಪ್ರವೇಶದ ಬಳಿ ಸ್ಪರ್ಧೆಗಳ ಹರ್ಮಿಸನ ಬಲಿಪೀಠವೂ ಅದರ ಪಕ್ಕದಲ್ಲಿ ಕೈರೊಸ್‌ನ ಬಲಿಪೀಠವೂ ಇದ್ದವೆಂದು ಪ್ರವಾಸಿ ಪೌಸಾನಿಯಸ್ ದಾಖಲಿಸಿದ್ದಾನೆ. ಖಿಯೋಸ್ ದ್ವೀಪದ ಇಯೋನ್ ಎಂಬ ಕವಿ ಕೈರೊಸ್‌ನನ್ನು ಜ್ಯೂಸನ ಕಿರಿಯ ಮಗನೆಂದು ಹಾಡಿದ್ದನ್ನೂ ಅವನೇ ತಿಳಿಸುತ್ತಾನೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಶಿಲ್ಪಿ ಲಿಸಿಪ್ಪೊಸ್ ಎರಕಹೊಯ್ದ ಕಂಚಿನ ಕೈರೊಸ್ ಈಗ ಉಳಿದಿಲ್ಲ, ಆದರೆ ಪೊಸಿಡಿಪ್ಪಸ್ ಎಂಬ ಕವಿ ಆ ಪ್ರತಿಮೆಯ ಜತೆ ನಡೆಸುವ ಸಂಭಾಷಣೆ ಉಳಿದಿದೆ. ತುದಿಗಾಲಲ್ಲಿ ಏಕೆ ನಿಂತಿದ್ದೀಯೆ? ಸದಾ ಓಡುತ್ತಿರುತ್ತೇನೆ. ಬಲಗೈಯಲ್ಲಿ ಕ್ಷೌರದ ಕತ್ತಿ ಏಕೆ? ಯಾವ ಅಲಗಿಗಿಂತಲೂ ನಾನು ಹರಿತ ಎಂದು ಜನರಿಗೆ ತೋರಲು. ಕೂದಲು ಮುಖದ ಮೇಲೇಕೆ? ಎದುರಾದವನು ಹಿಡಿಯಲೆಂದು. ಹಿಂದಲೆ ಬೋಳೇಕೆ? ಒಮ್ಮೆ ದಾಟಿ ಓಡಿದ ನನ್ನನ್ನು ಹಿಂದಿನಿಂದ ಯಾರೂ ಹಿಡಿಯಲಾರರು. ವೈದ್ಯನ ಸೂತ್ರದಲ್ಲಿದ್ದ ‘ಹರಿತ’ ಇಲ್ಲಿ ಕತ್ತಿಯಾಗಿ ಕೈಗೆ ಬಂದಿದೆ. ಈ ರೂಪವನ್ನು ಅನುಸರಿಸಿದ ಅಮೃತಶಿಲೆಯ ಉಬ್ಬುಶಿಲ್ಪವನ್ನು ಇಟಲಿಯ ಟ್ಯೂರಿನ್‌ನಲ್ಲಿ ನೋಡಬಹುದು. ಅದರಲ್ಲಿ ಅವನು ಅಲಗಿನ ಮೇಲೆ ತಕ್ಕಡಿಯನ್ನು ತೂಗುತ್ತಾನೆ, ಹೆಸಿಯಡನ ಅಳತೆಯ ಅರ್ಥ ಅಲ್ಲಿ ಮತ್ತೆ ಕಾಣುತ್ತದೆ.

ಇನ್ನು ‘ತಕ್ಷಣ’ದ ಪದಗಳು. ಇವುಗಳಲ್ಲಿಯೂ ಜಾಗದ ಅರ್ಥವೇ ಬೇರಿನಲ್ಲಿದೆ. ‘ಯೂಥುಸ್’ ಎಂದರೆ ಮೊದಲಿಗೆ ನೇರ, ಸೊಟ್ಟಗಿಲ್ಲದ್ದು. ಯೂಕ್ಲಿಡನ ಸರಳರೇಖೆಗೂ ಇದೇ ಪದ. ನಡುವೆ ಬಳಸದೆ ನೇರವಾಗಿ ಆದದ್ದು ಕೂಡಲೇ ಆದದ್ದು ಎಂಬ ದಾರಿಯಲ್ಲಿ ಅದು ಕಾಲವಾಚಕವಾಯಿತು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಗ್ರೀಕಿನಲ್ಲಿ ನೋಡಿದರೆ ಎರಡೂ ಅರ್ಥಗಳು ಅಕ್ಕಪಕ್ಕ ಸಿಗುತ್ತವೆ: ಪ್ರಭುವಿನ ಹಾದಿಗಳನ್ನು ನೇರ ಮಾಡಿ ಎಂಬ ಪ್ರವಾದಿಯ ಮಾತಿನಲ್ಲಿ ಇದೇ ಪದವಿದೆ, ಆ ಮೇಲೆ ಯೇಸು ನೀರಿನಿಂದ ಮೇಲೆ ಬಂದ ಕೂಡಲೇ, ಸೀಮೋನನು ಕೂಡಲೇ ಬಲೆ ಬಿಟ್ಟು ಎಂದು ಮತ್ತೆ ಮತ್ತೆ ಬರುತ್ತದೆ. ಆ ಚಿಕ್ಕ ಗ್ರಂಥದಲ್ಲಿ ಈ ಕ್ರಿಯಾವಿಶೇಷಣ ಸುಮಾರು 40 ಬಾರಿ ಬಂದಿದೆ. ಇನ್ನೊಬ್ಬ ಸುವಾರ್ತಾಕಾರ ಲೂಕನ ಒಲವು ‘ಪರಖ್ರೇಮ’ ಎಂಬುದರ ಕಡೆಗೆ. ಅದರ ಮೂಲಾರ್ಥ ‘ವಿಷಯದ ಪಕ್ಕದಲ್ಲೇ’ ಎಂದು, ನಮ್ಮ ‘ನಿಂತ ನಿಲುವಿನಲ್ಲೇ’ ಎಂಬುದಕ್ಕೆ ಹತ್ತಿರದ್ದು.

ಹಠಾತ್ತನೆ ಎಂಬರ್ಥದ ‘ಎಕ್ಸೈಫ್ನೇಸ್’ ತತ್ತ್ವಜ್ಞರನ್ನು ಬಹಳ ಕಾಡಿದೆ. ನಿಂತದ್ದು ಚಲಿಸತೊಡಗುವ ಆ ಬಿಂದು ನಿಲುಗಡೆಯಲ್ಲೂ ಇಲ್ಲ, ಚಲನೆಯಲ್ಲೂ ಇಲ್ಲ, ಯಾವ ಕಾಲದೊಳಗೂ ಇಲ್ಲ ಎಂದು ಪ್ಲೇಟೋವಿನ ‘ಪಾರ್ಮೆನಿಡಿಸ್’ ಸಂವಾದದಲ್ಲಿ ಚರ್ಚೆಯಾಗುತ್ತದೆ. ಅರಿಸ್ಟಾಟಲನದು ನೆಲದ ಮೇಲಿನ ಉತ್ತರ: ಗ್ರಹಿಕೆಗೆ ಸಿಗದಷ್ಟು ಚಿಕ್ಕ ಕಾಲದಲ್ಲಿ ಆದ ಬದಲಾವಣೆಯೇ ಎಕ್ಸೈಫ್ನೇಸ್. ತನ್ನ ಭೌತಶಾಸ್ತ್ರದ ಅದೇ ಪುಟಗಳಲ್ಲಿ ಅವನು ದಿನಬಳಕೆಯ ಮಾತುಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳುತ್ತಾನೆ. ಯಾವಾಗ ಬಂದೆ ಎಂದರೆ ‘ಅರ್ತಿ’, ಈಗಷ್ಟೇ. ಯಾವಾಗ ಹೊರಡುತ್ತೀಯೆ ಎಂದರೆ ‘ಏದೇ’, ಇದೀಗ. ಅದೇ ಪದ ‘ಆಗಲೇ ಹೋಗಿಬಂದೆ’ ಎನ್ನಲೂ ಸಲ್ಲುತ್ತದೆ. ಆದರೆ ಟ್ರಾಯ್ ನಗರ ಏದೇ ಬಿದ್ದಿದೆ ಎಂದು ನಾವು ಹೇಳುವುದಿಲ್ಲ, ಏಕೆಂದರೆ ಅದು ‘ನೂನ್’ನಿಂದ, ಅಂದರೆ ಈಗಿನಿಂದ, ತೀರ ದೂರ. ಈ ‘ನೂನ್’ ಸಂಸ್ಕೃತದ ‘ನೂನಂ’ ಪದದ ನೆಂಟ.

ಹಾಗಾದರೆ ನೀವು ಕೇಳಿದ ಎರಡು ಕಾಲಗಳ ಸಿದ್ಧಾಂತ ಎಲ್ಲಿಂದ ಬಂತು? ಇದಕ್ಕೆ ಹೆಚ್ಚಿನ ಪ್ರಚಾರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಕ್ರೈಸ್ತ ದೇವತಾಶಾಸ್ತ್ರದಿಂದ. 1920ರ ದಶಕದ ಜರ್ಮನಿಯಲ್ಲಿ ಪಾಲ್ ಟಿಲಿಕ್ ಅವರು ಕೈರೊಸ್ ಅನ್ನು ಇತಿಹಾಸದೊಳಗೆ ಅನಂತವು ಇಳಿಯುವ ಗಳಿಗೆಯೆಂಬ ಅರ್ಥದಲ್ಲಿ ಬೆಳೆಸಿದರು. ಅದು ಗಂಭೀರವಾದ ಚಿಂತನೆಯೇ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಗ್ರೀಕ್ ನಿಘಂಟಿನ ಅರ್ಥವೆಂದು ಹೇಳುವುದು ಬೇರೆ ಮಾತು. ಜೇಮ್ಸ್ ಬಾರ್ ಅವರು 1962ರಲ್ಲಿ ಬೈಬಲಿನ ಕಾಲವಾಚಕ ಪದಗಳ ಮೇಲೆ ಪ್ರಕಟಿಸಿದ ಪುಸ್ತಕದಲ್ಲಿ, ಪದಗಳ ನಡುವೆ ಇಂಥ ಗೋಡೆ ಕಟ್ಟಲು ಆಧಾರವಿಲ್ಲವೆಂದು ವಾದಿಸಿದರು. ಬೈಬಲಿನ ‘ಪ್ರಸಂಗಿ’ ಎಂಬ ಗ್ರಂಥದ ಮೂರನೆಯ ಅಧ್ಯಾಯದ ಗ್ರೀಕ್ ಅನುವಾದವನ್ನೇ ನೋಡಿ: ಮೊದಲ ಸಾಲಿನಲ್ಲಿ ಎಲ್ಲಕ್ಕೂ ಖ್ರೊನೊಸ್, ಪ್ರತಿ ಕಾರ್ಯಕ್ಕೂ ಕೈರೊಸ್ ಎಂದು ಎರಡೂ ಜೋಡಿಯಾಗಿ ನಿಂತಿವೆ, ಮುಂದೆ ಹುಟ್ಟು, ಸಾವು, ನೆಡುವುದು, ಕೀಳುವುದು, ಯುದ್ಧ, ಶಾಂತಿ ಎಲ್ಲಕ್ಕೂ ಕೈರೊಸ್ ಒಂದೇ ಪದ.

ಕೊನೆಯ ಪ್ರಶ್ನೆಗೆ ಉತ್ತರ: ಉಳಿದಿವೆ, ಅರ್ಥ ಮಾತ್ರ ಜಾರಿದೆ. ಇಂದಿನ ಗ್ರೀಕರ ಮಾತಿನಲ್ಲಿ ಕೈರೊಸ್, ಈಗಿನ ಉಚ್ಚಾರಣೆಯಲ್ಲಿ ‘ಕೆರೊಸ್’, ಎಂದರೆ ಹವೆ. ಮಳೆಯೋ ಬಿಸಿಲೋ ಎಂದು ಕೇಳಲು ಅದೇ ಪದ. ಬಹಳ ಕಾಲವಾಯಿತು ಎನ್ನಲೂ ಅದನ್ನೇ ಬಳಸುತ್ತಾರೆ. ಅವಕಾಶಕ್ಕೆ ‘ಎಫ್ಕೆರೀಯಾ’ ಎನ್ನುತ್ತಾರೆ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮಾಲಿಗೂ ಅದೇ ಹೆಸರು. ಕೂಡಲೇ ಎನ್ನಲು ಈಗಿನ ರೂಢಿಯ ಮಾತು ‘ಅಮೆಸೊಸ್’, ನಡುವೆ ಏನೂ ಇಲ್ಲದೆ ಎಂದು ಅದರ ಅರ್ಥ. ಖ್ರೊನೊಸ್ ವರ್ಷವೂ ಆಗಿದೆ. ಹುಟ್ಟುಹಬ್ಬಕ್ಕೆ ಅವರು ಪರಸ್ಪರ ಹಾರೈಸುವುದು ‘ಖ್ರೋನ್ಯಾ ಪೊಲ್ಲಾ’ ಎಂದು, ವರ್ಷಗಳು ಬಹಳವಾಗಲಿ ಎಂದು.

ಸಂಪಾದಕ